ತಲೆಬಿಸಿ ಬೇಡ, ಇಂಗ್ಲಿಷ್ ನುಡಿಗಟ್ಟು ಹೀಗೆ ಕಲಿಯಿರಿ

ನನ್ನ ತಂಗಿಯ ಮಗಳು ಮಂಗಳೂರಿನ ಆಫೀಸೊಂದಕ್ಕೆ ಸೇರಿದ ಹೊಸತು. ವಿದೇಶದಿಂದ ಫೋನ್ ಮಾಡಿದವರು 'ಕ್ಯಾನ್ ಯೂ ಗಿವ್ ಮಿ ಎ ಹ್ಯಾಂಡ್?' ಅಂದರಂತೆ. "ದೊಡ್ಡಮ್ಮ, ನಾನ್ಯಾಕೆ ಅವರಿಗೆ ಕೈ ಕೊಡಲಿ?" ಅಂತ ಸಂಜೆ ಬಂದು ಕೇಳಿದಳು. ನಮ್ಮಲ್ಲಿ ಕೈ ಕೊಡುವುದೆಂದರೆ ನಂಬಿಸಿ ಮೋಸ ಮಾಡುವುದು. ಅವರು ಕೇಳಿದ್ದು ಸಹಾಯ!

ಹಾಗಾಗಿ ಮೊದಲ ಕೆಲಸ, ಪದ ಪದ ಬಿಡಿಸಿ ಅರ್ಥ ಮಾಡುವುದನ್ನು ಬಿಡಿ. ನಾವು ದಿನಕ್ಕೆ ಹತ್ತು ಸಲ ಹೇಳುವ 'ತಲೆಬಿಸಿ'ಯನ್ನೇ ನೋಡಿ. ನಮಗದು ಚಿಂತೆ, ಕಿರಿಕಿರಿ. 'ಹಾಟ್ ಹೆಡೆಡ್' ಅಂದರೆ ಮುಂಗೋಪಿ.

ಎರಡನೆಯದು, ನುಡಿಗಟ್ಟು ಕಿವಿಗೆ ಬಿದ್ದಾಗ ಇಡೀ ವಾಕ್ಯವನ್ನು ಬರೆದಿಟ್ಟುಕೊಳ್ಳಿ. ಯಾರು, ಯಾರಿಗೆ, ಯಾವಾಗ ಹೇಳಿದರು ಅನ್ನುವುದೂ ಇರಲಿ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟೆಲ್ ನಿಘಂಟಿನಲ್ಲಿ ಎಷ್ಟೋ ಪದಗಳ ಜತೆ ಗಾದೆಗಳೂ ಇವೆ. ಪದ ಮನಸ್ಸಲ್ಲಿ ಉಳಿಯುವುದು ಹಾಗೆ ಬಳಕೆಯ ಜತೆ ಸಿಕ್ಕಿದಾಗಲೇ.

ಆಮೇಲೆ ಅದಕ್ಕೆ ನಮ್ಮದೊಂದು ಜೋಡಿ ಹುಡುಕಿ. ನನಗೆ ತುಂಬ ಇಷ್ಟದ ಹಂತ ಇದು. 'ಪೀಸ್ ಆಫ್ ಕೇಕ್' ಅಂದರೆ ನೀರು ಕುಡಿದಷ್ಟು ಸುಲಭ. 'ಒನ್ಸ್ ಇನ್ ಎ ಬ್ಲೂ ಮೂನ್' ಅಂದರೆ ತೀರಾ ಅಪರೂಪಕ್ಕೆ. ನಾವು ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಅನ್ನುತ್ತೇವೆ, ಅಲ್ವಾ? ಕ್ಯಾಲೆಂಡರಿನ ಒಂದೇ ತಿಂಗಳಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದನ್ನು ಬ್ಲೂ ಮೂನ್ ಎಂದು ಕರೆಯುವುದುಂಟು. ಅದು ಬರುವುದು ಸುಮಾರು ಎರಡೂವರೆ ವರ್ಷಕ್ಕೊಮ್ಮೆ. 'ನ್ಯೂಕಾಸಲ್‌ಗೆ ಕಲ್ಲಿದ್ದಲು ಒಯ್ಯುವುದು' ಅನ್ನುವ ಮಾತೂ ಇದೆ. ಇಂಗ್ಲೆಂಡಿನ ಆ ಊರಿನಿಂದಲೇ ಶತಮಾನಗಳ ಕಾಲ ಕಲ್ಲಿದ್ದಲು ಹಡಗು ಹತ್ತುತ್ತಿತ್ತು. ಬುಟ್ಟಿ ತುಂಬ ಬಂಗುಡೆ ಹೊತ್ತು ಮಾರಲು ಮಲ್ಪೆ ಬಂದರಿಗೇ ಹೋದವರನ್ನು ನೆನೆಸಿಕೊಳ್ಳಿ. ಇನ್ನು ಮರೆಯುವುದಿಲ್ಲ.

ಮೊಸಳೆ ಕಣ್ಣೀರು, ಮೂಗು ತೂರಿಸುವುದು ಎರಡೂ ಕಡೆ ಒಂದೇ. ಅವಕ್ಕೆ ಕಷ್ಟಪಡಬೇಕಾಗಿಲ್ಲ.

'ಟರ್ನ್ ಓವರ್ ಎ ನ್ಯೂ ಲೀಫ್'ನಲ್ಲಿ ಮಾತ್ರ ಎಚ್ಚರ. ಆ 'ಲೀಫ್' ಮರದ ಎಲೆಯೂ ಅಲ್ಲ, ಊಟದ ಬಾಳೆಲೆಯೂ ಅಲ್ಲ, ಪುಸ್ತಕದ ಹಾಳೆ. ಹಳೆಯ ಚಾಳಿ ಬಿಟ್ಟು ಹೊಸದಾಗಿ ಶುರುಮಾಡುವುದು ಅಂತ ಅರ್ಥ.

ಕೊನೆಯದು, ಮಾತಿನ ತೂಕ ನೋಡಿ. ಇಲ್ಲಿ ತಪ್ಪಿದರೆ ಎದುರಿನವರ ಮನಸ್ಸಿಗೆ ನೋವಾಗುತ್ತದೆ. 'ಕಿಕ್ ದಿ ಬಕೆಟ್' ಅಂದರೆ ಸಾಯುವುದು, ನಿಜ. ಆದರೆ ಅದು 'ಗೊಟಕ್ ಅಂದ' ಅನ್ನುವಂಥ ಹಗುರ ಮಾತು. ತಂದೆ ತೀರಿಕೊಂಡವರಿಗೆ ಕಳಿಸುವ ಮೆಸೇಜಿನಲ್ಲಿ ಬರೆಯಲೇಬಾರದು. 'ಅಂಡರ್ ದಿ ವೆದರ್' ನಮ್ಮ 'ಸ್ವಲ್ಪ ಸೌಖ್ಯ ಇಲ್ಲ'ದ ಹಾಗೆ. ಶೀತ, ಸಣ್ಣ ಜ್ವರಕ್ಕೆ ಸರಿ. ದೊಡ್ಡ ಆಪರೇಷನ್ ಆಗಿ ಮಲಗಿದವರ ಬಗ್ಗೆ ಹಾಗೆ ಹೇಳಬೇಡಿ.

ವಾರಕ್ಕೆ ಎರಡು ಕಲಿತರೆ ಸಾಕು. ತಂಗಿ ಮಗಳು ಉಡುಪಿಯಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ನೋಟ್‌ಬುಕ್ ತೆಗೆಯುತ್ತಾಳೆ. ಅದರ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿದ್ದಾಳೆ: ಗಿವ್ ಎ ಹ್ಯಾಂಡ್ — ಕೈ ಜೋಡಿಸು.