ದೊಡ್ಡಬಳ್ಳಾಪುರಕ್ಕೆ ಮನೆ ಬದಲಿಸೋಣವಾ? ಮೊದಲು ಊರನ್ನು ಹೀಗೆ ಅಳೆಯಿರಿ

ಬೆಂಗಳೂರಿನ ಬಾಡಿಗೆ, ಅಡ್ವಾನ್ಸು, ಟ್ರಾಫಿಕ್ಕು ಸಾಕಾದವರು ಈಗ ಸುತ್ತಲಿನ ಊರುಗಳ ಕಡೆ ನೋಡುತ್ತಿದ್ದಾರೆ. ಹೊಸಕೋಟೆ, ನೆಲಮಂಗಲ, ದೇವನಹಳ್ಳಿ, ಬಿಡದಿ, ರಾಮನಗರ ಎಲ್ಲೆಡೆ ಇದೇ ಮಾತು. ಯೋಚನೆ ಒಳ್ಳೆಯದೇ. ಆದರೆ ಹೆಚ್ಚಿನವರು ಊರು ನೋಡುವುದು ಭಾನುವಾರ, ಬ್ರೋಕರ್ ಕಾರಿನಲ್ಲಿ ಕೂತು. ರಸ್ತೆ ಖಾಲಿ, ಗಾಳಿ ತಂಪು, ಸೈಟಿನ ಕಲ್ಲಿಗೆ ಹೊಸ ಬಣ್ಣ. ಸೋಮವಾರ ಬೆಳಿಗ್ಗೆ ಆ ಊರು ಹೇಗಿರುತ್ತದೆ ಎಂದು ನೋಡಿದವರು ಕಡಿಮೆ.

ಉದಾಹರಣೆಗೆ ದೊಡ್ಡಬಳ್ಳಾಪುರವನ್ನೇ ತೆಗೆದುಕೊಳ್ಳೋಣ. ಮೆಜೆಸ್ಟಿಕ್‌ನಿಂದ ಸುಮಾರು 40 ಕಿ.ಮೀ. ದೂರ. ವಿದ್ಯುತ್ ಮಗ್ಗಗಳ ಊರು. ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶ ಇದೆ, ಅಪೆರಲ್ ಪಾರ್ಕ್ ಇದೆ, ವಿಮಾನ ನಿಲ್ದಾಣವೂ ದೂರವಲ್ಲ. ನೀವು ಬೇರೆ ಊರು ನೋಡುತ್ತಿದ್ದರೂ ಅಳೆಯುವ ಕ್ರಮ ಇದೇ.

ಹೆಜ್ಜೆ 1: ‘ಬರುತ್ತೆ’ ಎನ್ನುವುದನ್ನೆಲ್ಲ ಪಕ್ಕಕ್ಕಿಡಿ

ಬೆಳೆಯುವ ಊರಿನಲ್ಲಿ ಸೈಟು ಮಾರುವವರು ಮುಂದೆ ಬರುವುದನ್ನೇ ತೋರಿಸಿ ಮಾರುತ್ತಾರೆ. ರೈಲು ಬರುತ್ತೆ, ಮೆಟ್ರೊ ಬರುತ್ತೆ, ದೊಡ್ಡ ಕಂಪನಿ ಬರುತ್ತೆ. ಬರಬಹುದು. ನಿಮ್ಮ ಮಗು ಶಾಲೆಗೆ ಹೋಗುವ ವರ್ಷಗಳಲ್ಲೇ ಬರುತ್ತದೆಯೇ ಎನ್ನುವುದು ಮುಖ್ಯ.

ಬೆಂಗಳೂರಿನ ಉಪನಗರ ರೈಲನ್ನೇ ನೋಡಿ. 148 ಕಿ.ಮೀ. ಉದ್ದದ ಈ ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. 40 ತಿಂಗಳಲ್ಲಿ ಮುಗಿಯುತ್ತದೆ ಎಂದರು. ಆ ಗಡುವು ದಾಟಿತು, ರೈಲು ಓಡಲಿಲ್ಲ. ಇನ್ನೊಂದು ವಿಷಯವನ್ನು ಬ್ರೋಕರ್‌ಗಳು ಹೇಳುವುದೇ ಇಲ್ಲ: ಈ ಕಡೆಗೆ ಬರುವ ಹೀಲಲಿಗೆ ಮಾರ್ಗ ನಿಲ್ಲುವುದು ರಾಜಾನುಕುಂಟೆಯಲ್ಲಿ. ದೊಡ್ಡಬಳ್ಳಾಪುರದವರೆಗೆ ಅದು ಬರುವುದಿಲ್ಲ. ಈ ಕಡೆಯ ಬರದ ಜಿಲ್ಲೆಗಳಿಗೆ ನೀರು ತರಬೇಕಾದ ಎತ್ತಿನಹೊಳೆಯ ಕಥೆಯೂ ಹಾಗೆಯೇ. 2014ರಲ್ಲಿ ಶಂಕುಸ್ಥಾಪನೆ ಆದ ಯೋಜನೆಯ ಮೊದಲ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ.

ಆಗಿ ಮುಗಿದದ್ದೂ ಇದೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಜೋಡಿಸುವ ಸ್ಯಾಟಲೈಟ್ ರಿಂಗ್ ರಸ್ತೆಯಲ್ಲಿ ಈಗ ವಾಹನಗಳು ಓಡುತ್ತಿವೆ. ಹೊಸಕೋಟೆ ಕಡೆ ಕೆಲಸ ಇರುವವರಿಗೆ ಇದು ನಿಜವಾದ ಅನುಕೂಲ, ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ: ಇವತ್ತು ಇರುವುದು, ಮುಂದೆ ಬರುವುದು. ಎರಡನೇ ಪಟ್ಟಿಯನ್ನು ಪೂರ್ತಿ ಅಳಿಸಿದ ಮೇಲೂ ಆ ಊರು ನಿಮಗೆ ಇಷ್ಟವಾಗುತ್ತಿದ್ದರೆ ಮಾತ್ರ ಮುಂದಿನ ಹೆಜ್ಜೆ ಇಡಿ.

ಹೆಜ್ಜೆ 2: ವಾರದ ದಿನ ಓಡಾಡಿ ನೋಡಿ

ರಜೆ ಹಾಕಿ ಹೋಗಬೇಡಿ. ಕೆಲಸದ ದಿನವೇ ಬೆಳಿಗ್ಗೆ ಅಲ್ಲಿಂದ ಹೊರಟು ಆಫೀಸಿನ ಕುರ್ಚಿಯಲ್ಲಿ ಕೂರುವವರೆಗಿನ ಸಮಯ ಲೆಕ್ಕ ಹಾಕಿ. ಸಂಜೆ ವಾಪಸು ಬನ್ನಿ. ಒಮ್ಮೆ ರೈಲಿನಲ್ಲಿ, ಒಮ್ಮೆ ಬಸ್ಸಿನಲ್ಲಿ. ಯಲಹಂಕ, ರಾಜಾನುಕುಂಟೆ ಮೇಲೆ ಬರುವ ರೈಲು ಮಾರ್ಗ ಇರುವುದರಿಂದ ತಿಂಗಳ ಪಾಸು ಮಾಡಿಸಿಕೊಂಡರೆ ಖರ್ಚು ಬಹಳ ಕಡಿಮೆ. ಆದರೆ ಸಂಜೆಯ ಒಂದು ರೈಲು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ ಎಂದು ನೋಡಿಕೊಳ್ಳಿ. ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದೆ. ಮನೆಯಲ್ಲಿ ಇಬ್ಬರು ದುಡಿಯುವವರಿದ್ದರೆ ಅದೂ ಉಳಿತಾಯವೇ.

ಸ್ವಂತ ಗಾಡಿಯ ಲೆಕ್ಕ ಹೀಗಿದೆ. ಹೋಗಿ ಬರಲು 80 ಕಿ.ಮೀ., ತಿಂಗಳಿಗೆ 22 ದಿನ ಎಂದರೆ 1,760 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ ಸುಮಾರು 117 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿ ಹಿಡಿದರೂ 11,700 ರೂಪಾಯಿ. ಮಾರಸಂದ್ರದ ಟೋಲು ಬೇರೆ. ಬಾಡಿಗೆಯಲ್ಲಿ ಉಳಿದದ್ದು ಇಲ್ಲೇ ಕರಗಿಹೋಗಬಹುದು. ದಿನಕ್ಕೆ ಮೂರು ಗಂಟೆ ದಾರಿಯಲ್ಲಿ ಹೋದರೆ ತಿಂಗಳಿಗೆ 66 ಗಂಟೆ. ಅಷ್ಟು ಹೊತ್ತು ಮಕ್ಕಳ ಜೊತೆ ಇರಬಹುದಿತ್ತು ಅಲ್ವಾ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕೆಲಸ ಯಲಹಂಕ, ವಿಮಾನ ನಿಲ್ದಾಣ, ದೇವನಹಳ್ಳಿ ಅಥವಾ ಬಾಶೆಟ್ಟಿಹಳ್ಳಿಯಲ್ಲಿದ್ದರೆ ದೊಡ್ಡಬಳ್ಳಾಪುರ ಒಳ್ಳೆಯ ಆಯ್ಕೆ. ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದು ವಾರಕ್ಕೆ ಐದು ದಿನ ಹೋಗಲೇಬೇಕಾದರೆ ಬೇಡ. ಬಿಡದಿ, ಹೊಸಕೋಟೆ ಯಾವುದಾದರೂ ಸರಿ, ಆಫೀಸು ಯಾವ ದಿಕ್ಕಿನಲ್ಲಿದೆಯೋ ಆ ದಿಕ್ಕಿನ ಊರನ್ನೇ ನೋಡಿ. ಮನೆಯಿಂದಲೇ ಕೆಲಸ ಮಾಡುವವರು ಆ ಅನುಮತಿ ಎಷ್ಟು ದಿನಕ್ಕೆ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಹೆಜ್ಜೆ 3: ನೀರು. ಇಲ್ಲಿ ಆತುರ ಬೇಡ

ಈ ಭಾಗದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ದೊಡ್ಡಬಳ್ಳಾಪುರಕ್ಕೆ ಜಕ್ಕಲಮಡಗು ಜಲಾಶಯದಿಂದ ನೀರು ಬರುತ್ತದೆ. ಅದೇ ಜಲಾಶಯ ಚಿಕ್ಕಬಳ್ಳಾಪುರಕ್ಕೂ ನೀರು ಕೊಡಬೇಕು. ಉಳಿದದ್ದಕ್ಕೆ ಬೋರ್‌ವೆಲ್ ಗತಿ. ಮಳೆ ಕೈಕೊಟ್ಟ ವರ್ಷ ಎರಡೂ ಸೊರಗುತ್ತವೆ.

ಹಾಗಾಗಿ ಮನೆ ನೋಡಲು ಏಪ್ರಿಲ್ ತಿಂಗಳಲ್ಲಿ ಹೋಗಿ. ಮಾಲೀಕರನ್ನು ಕೇಳುವುದಕ್ಕಿಂತ ಎದುರು ಮನೆಯವರನ್ನು ಕೇಳಿ. ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಎಷ್ಟು ಹೊತ್ತು? ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತೀರಾ, ಒಂದು ಲೋಡಿಗೆ ಎಷ್ಟು? ಪಕ್ಕದ ಬೋರ್ ಎಷ್ಟು ಅಡಿ, ಯಾವ ವರ್ಷ ಕೊರೆಸಿದ್ದು, ಮೊದಲಿನ ಬೋರ್ ಏನಾಯಿತು? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಅಂತರ್ಜಲ ಎಷ್ಟು ಇಳಿದಿದೆ ಎನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ನೀರು ಬಿಡುವ ಸಿಬ್ಬಂದಿ ಸಿಕ್ಕರೆ ಅವರ ಹತ್ತಿರ ಐದು ನಿಮಿಷ ಮಾತಾಡಿ. ಆ ಬೀದಿಯ ನೀರಿನ ಕಷ್ಟ ಅವರಷ್ಟು ಬಲ್ಲವರಿಲ್ಲ.

ಬೋರ್ ನೀರನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ಸುಮ್ನೆ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಸಾಲದು. ಅದು ಒಟ್ಟು ಲವಣ ಎಷ್ಟಿದೆ ಎಂದಷ್ಟೇ ಹೇಳುತ್ತದೆ. ಫ್ಲೋರೈಡ್, ನೈಟ್ರೇಟ್ ಎಷ್ಟಿದೆ, ರೋಗಾಣು ಇದೆಯೇ ಎನ್ನುವುದನ್ನು ಬೇರೆಯಾಗಿಯೇ ಕೇಳಬೇಕು.

ಬಂದ ನೀರು ಎಲ್ಲಿಗೆ ಹೋಗುತ್ತದೆ ಎನ್ನುವುದನ್ನೂ ನೋಡಿ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ಕೆರೆಸಾಲು ಈ ಊರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಊರಿನ ಚರಂಡಿ ನೀರು, ಕಾರ್ಖಾನೆ ನೀರು ಸೇರಿ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳು ಕೆಟ್ಟಿವೆ. ಅಲ್ಲಿನ ಹಳ್ಳಿಯವರು ವರ್ಷಗಳಿಂದ ಹೋರಾಡುತ್ತಿದ್ದಾರೆ. ನಾವು ಕಟ್ಟುವ ಮನೆಯ ಕೊಳಚೆ ಇನ್ನೊಬ್ಬರು ಕುಡಿಯುವ ನೀರಿಗೆ ಸೇರಬಾರದು. ಲೇಔಟ್‌ಗೆ ಒಳಚರಂಡಿ ಇದೆಯೇ, ಅದು ಶುದ್ಧೀಕರಣ ಘಟಕಕ್ಕೆ ಸೇರುತ್ತದೆಯೇ ಎಂದು ನಗರಸಭೆಯಲ್ಲೇ ಕೇಳಿ. ಎಲ್ಲ ಮೋರಿಗೆ ಹೋಗುತ್ತೆ ಬಿಡಿ ಎನ್ನುವ ಲೇಔಟ್ ಬೇಡ.

ಹೆಜ್ಜೆ 4: ಮನೆಯವರೆಲ್ಲರ ದಿನ ಹೇಗಿರುತ್ತದೆ?

ಊರು ಬದಲಿಸುವ ತೀರ್ಮಾನ ಸಾಮಾನ್ಯವಾಗಿ ದುಡಿಯುವವರ ಅನುಕೂಲ ನೋಡಿ ಆಗುತ್ತದೆ. ದಿನವಿಡೀ ಊರಲ್ಲಿ ಇರುವವರು ಬೇರೆಯವರು. ವಯಸ್ಸಾದ ಅಪ್ಪ ಅಮ್ಮ ಇದ್ದರೆ ರಾತ್ರಿ ಎದೆನೋವು ಬಂದಾಗ ಎಲ್ಲಿಗೆ ಹೋಗುವುದು ಎಂದು ಮೊದಲೇ ಗೊತ್ತಿರಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಹೃದಯಾಘಾತಕ್ಕೆ ತಕ್ಷಣದ ಚುಚ್ಚುಮದ್ದು ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಸಮೀಪದ ಆಸ್ಪತ್ರೆಯಲ್ಲಿ ಅದು ರಾತ್ರಿಯೂ ಸಿಗುತ್ತದೆಯೇ ಎಂದು ಹೋಗಿ ಕೇಳಿ. ಶಾಲೆ ಸಿಕ್ಕೀತು. ಪಿಯು ನಂತರ ಮಗಳು ಯಲಹಂಕಕ್ಕೆ ಓಡಾಡಬೇಕಾದರೆ ಸಂಜೆ ಬಸ್ಸು ಇಳಿದು ಮನೆವರೆಗೆ ಬೀದಿ ದೀಪ ಇದೆಯಾ ನೋಡಿ.

ಇದು ಮಗ್ಗದ ಊರು ಎನ್ನುವುದೂ ನೆನಪಿರಲಿ. ಹಳೆಯ ಬೀದಿಗಳಲ್ಲಿ ಮನೆಯೊಳಗೇ ಮಗ್ಗ ಓಡುತ್ತದೆ. ಆ ಸದ್ದು ಆ ಮನೆಯ ಅನ್ನ. ನಿಮಗೆ ಆಗದಿದ್ದರೆ ಬೇರೆ ಬೀದಿಯಲ್ಲಿ ಮನೆ ಹಿಡಿಯಿರಿ. ಬಂದು ನೆಲೆಸಿ ಆಮೇಲೆ ದೂರು ಕೊಡುವುದು ಸರಿಯಲ್ಲ.

ಹೆಜ್ಜೆ 5: ಮೊದಲು 11 ತಿಂಗಳ ಬಾಡಿಗೆ

ಬೆಂಗಳೂರಿನ ಮನೆ ಸ್ವಂತದ್ದಾದರೆ ತಕ್ಷಣ ಮಾರಬೇಡಿ. ಹೊಸ ಊರಿನಲ್ಲಿ ಬಾಡಿಗೆಗೆ ಇರಿ. ಡಿಸೆಂಬರ್ ಅಥವಾ ಜನವರಿಯಲ್ಲಿ ಹೋದರೆ ಪೂರ್ತಿ ಬೇಸಿಗೆಯೂ ಸಿಗುತ್ತದೆ, ಮುಂಗಾರೂ ಸಿಗುತ್ತದೆ. ಬೇಸಿಗೆಯಲ್ಲಿ ನೀರು ತಿಳಿಯುತ್ತದೆ. ಮಳೆಗಾಲದಲ್ಲಿ ಯಾವ ಲೇಔಟ್ ಹಳೆಯ ಕೆರೆಯಂಗಳದಲ್ಲಿದೆ, ಯಾವುದರ ನಡುವೆ ರಾಜಕಾಲುವೆ ಇತ್ತು ಎನ್ನುವುದು ಕಣ್ಣಿಗೇ ಕಾಣುತ್ತದೆ. ಮಕ್ಕಳ ಶಾಲೆ ನಡುವೆ ಬದಲಿಸಲು ಆಗದವರು ಏಪ್ರಿಲ್‌ನಲ್ಲೇ ಹೋಗಲಿ.

ಹೆಜ್ಜೆ 6: ಕೊಳ್ಳುವುದಾದರೆ ಕಾಗದ

ಜಾಗ ನಗರಸಭೆಯದ್ದೋ ಗ್ರಾಮ ಪಂಚಾಯಿತಿಯದ್ದೋ ಮೊದಲು ತಿಳಿಯಿರಿ. ನಗರಸಭೆಯಾದರೆ ಇ-ಖಾತೆ. ಪಂಚಾಯಿತಿಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ. ಕೈಗೆ 11ಬಿ ಕೊಟ್ಟರೆ ಅಲ್ಲೇ ನಿಲ್ಲಿ, ಅದು ನಿಯಮದ ಪ್ರಕಾರ ಅನುಮೋದನೆ ಆಗದ ಸ್ವತ್ತು. ಹೊಲವನ್ನು ಭೂಪರಿವರ್ತನೆ ಮಾಡಿಸದೆ ತುಂಡು ಮಾಡಿದ ರೆವಿನ್ಯೂ ಸೈಟು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಬ್ಯಾಂಕ್ ಸಾಲ, ಕಟ್ಟಡದ ಪರವಾನಗಿ ಎರಡಕ್ಕೂ ಅಲೆಯಬೇಕಾಗುತ್ತದೆ.

ಡಿಸಿ ಪರಿವರ್ತನೆ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ 30 ವರ್ಷಗಳ ಇಸಿ (ಋಣಭಾರ ಪ್ರಮಾಣಪತ್ರ), ಇಷ್ಟು ಬೇಕೇ ಬೇಕು. 500 ಚದರ ಮೀಟರ್‌ಗಿಂತ ದೊಡ್ಡ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಕೇಳಿ, ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಿ.

ಈ ಭಾಗದಲ್ಲಿ ಇನ್ನೊಂದು ಪರಿಶೀಲನೆ ತಪ್ಪಿಸಬೇಡಿ. ಸರ್ವೆ ನಂಬರ್ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಭೂಸ್ವಾಧೀನದ ಅಧಿಸೂಚನೆಯಲ್ಲಿ ಇದೆಯೇ ನೋಡಿಸಿ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಜಾಸ್ತಿ ಹೋರಾಡಿದರು. ಸರ್ಕಾರ ಅದನ್ನು ಕೈಬಿಟ್ಟದ್ದು 2025ರ ಜುಲೈನಲ್ಲಿ. ಅಂಥ ಜಾಗದ ಪಹಣಿಯ 11ನೇ ಕಾಲಂನಲ್ಲಿ ಸ್ವಾಧೀನದ ನಮೂದು ಇರಬಹುದು. ಭೂಮಿ ಪೋರ್ಟಲ್‌ನಲ್ಲಿ ಪಹಣಿ ತೆಗೆದು ಓದಿ, ಅರ್ಥವಾಗದಿದ್ದರೆ ತಾಲ್ಲೂಕು ಕಚೇರಿಯಲ್ಲಿ ತೋರಿಸಿ.

ಈ ಕಾಗದಗಳನ್ನೆಲ್ಲ ನೀವೇ ಗೊತ್ತು ಮಾಡಿದ ವಕೀಲರಿಗೆ ಕೊಡಿ. ಮಾರುವವರು ಸೂಚಿಸಿದ ವಕೀಲರು ಬೇಡ. ಅವರ ಅಭಿಪ್ರಾಯ ಬರಹದಲ್ಲಿ ಬರುವವರೆಗೆ ಟೋಕನ್ ಹಣವನ್ನೂ ಕೊಡಬೇಡಿ. ಆಮೇಲೆ ಕೊಡುವುದನ್ನು ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಟ್ಟು, ಕರಾರು ಪತ್ರದಲ್ಲಿ ಮೊತ್ತ ಮತ್ತು ದಿನಾಂಕ ಬರೆಸಿಕೊಳ್ಳಿ.