ಮುದ್ದೆಮಾಲು (ಪೊಲೀಸರು ಜಪ್ತಿ ಮಾಡಿದ ಮಾಲು) ಮೆಣಸು ಬಿಡಿಸಿದ್ದು: ನನ್ನ ಅನುಭವ

ಕಕ್ಷಿದಾರರ ತೋಟದಿಂದ ಕಳುವಾಗಿದ್ದ ಒಂಬತ್ತು ಚೀಲ ಕಾಳುಮೆಣಸು, ಹತ್ರತ್ರ 450 ಕೆಜಿ, ಚಾರ್ಜ್‌ಶೀಟ್ ಬರೋ ಮೊದಲೇ ಸ್ಟೇಷನ್ನಿಂದ ಬಿಡಿಸ್ಕೊಂಡು ಬಂದೆ. ಈ ಐಡಿಯಾ ಹೇಳ್ದಾಗ ಕೋರ್ಟಿನ ವಕೀಲರ ರೂಮಲ್ಲಿ ಸೀನಿಯರ್ ಒಬ್ರು ಟೀ ಲೋಟ ಕೆಳಗಿಡ್ದೇನೇ "ಮೆಣಸೆಲ್ಲಾ ಮೆಣಸೇ ಕಣಪ್ಪ, ನಿಂದೇ ಅಂತ ಹೆಂಗೆ ತೋರಿಸ್ತೀಯ, ಟ್ರಯಲ್ ಮುಗಿಯೋವರ್ಗೂ ಮರೆತುಬಿಡು" ಅಂದಿದ್ರು. ಮೊನ್ನೆ ಅವರೇ ಆರ್ಡರ್ ಕಾಪಿ ಕೇಳಿದ್ರು, ಅದಕ್ಕೇ ಬರೀತಿದೀನಿ.

ಕೇಸು 2025ರ ಮಾರ್ಚ್ ಕೊನೇದು. ಕಕ್ಷಿದಾರರು ಮೆಣಸು ಒಣಗಿಸಿ ಕಣದ ಪಕ್ಕದ ಸ್ಟೋರಲ್ಲಿ ಇಟ್ಟು ರೇಟು ಏರ್ಲಿ ಅಂತ ಕಾಯ್ತಿದ್ರು, ಬೀಗ ಒಡೆದು ಹೊತ್ಕೊಂಡು ಹೋದ್ರು. ಆಗ ಕೆಜಿಗೆ 650-680 ಇತ್ತು ಅಂತ ನೆನಪು, ಅಂದ್ರೆ ಮೂರು ಲಕ್ಷದ ಹತ್ರ. ಎಫ್‌ಐಆರಲ್ಲಿ ಬಿಎನ್‌ಎಸ್ (ಐಪಿಸಿ ಬದಲು ಬಂದ ಹೊಸ ಕಾನೂನು) 303(2), ಅಂದ್ರೆ ಬರೀ ಮಾಮೂಲಿ ಕಳ್ಳತನ ಹಾಕಿದ್ರು, ಮಾಲು ಇಡೋ ಕಟ್ಟಡದಿಂದ ಕದ್ರೆ 305, ಏಳು ವರ್ಷದ್ದು ಅಂತ ಹೇಳಿ ಹೇಳಿ ಸೇರಿಸೋಕೇ ಒಂದು ವಾರ ಹೋಯ್ತು. ಪುಣ್ಯಕ್ಕೆ ಹತ್ತೇ ದಿನದಲ್ಲಿ ಮಾಲು ಸಿಕ್ತು. ಸಿಕ್ಕಿದ್ದು ಬಂತು, ಬಂದಿದ್ದು ಸ್ಟೇಷನ್ನಿನ ಹಿಂದಿನ ರೂಮು ಸೇರ್ತು, ಸಿಮೆಂಟ್ ನೆಲದ ಮೇಲೆ. ನಮ್ಮ ಕೊಡಗಿನ ಮಳೇಲಿ ಸಿಮೆಂಟ್ ನೆಲದ ಮೇಲೆ ಮೆಣಸು ಇಟ್ರೆ ಏನಾಗತ್ತೆ ಅಂತ ತೋಟ ಇರೋರಿಗೆ ಹೇಳೋದೇ ಬೇಡ.

ಮೊದಲನೇ ಅರ್ಜಿ ಪೂರ್ತಿ ನನ್ನದೇ ತಪ್ಪು. ಕಂಪ್ಯೂಟರಲ್ಲಿದ್ದ ಹಳೇ ಡ್ರಾಫ್ಟು ತೆಗೆದು ಹೆಸರು ಬದಲಾಯಿಸಿ ಹಾಕ್ದೆ, 451 ಸಿಆರ್‌ಪಿಸಿ ಅಂತಾನೇ ಉಳ್ಕೊಂಡಿತ್ತು, 2024ರ ಜುಲೈ 1ಕ್ಕೆ ಹೊಸ ಕಾನೂನು ಬಂದು ಒಂಬತ್ತು ತಿಂಗಳಾಗಿದೆ ಸಾರ್ ಅಂತ ಆಫೀಸಿನೋರು ನಕ್ಕೊಂಡು ವಾಪಸ್ ಕೊಟ್ರು. ಎರಡನೇದು ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಜಾಗಕ್ಕೆ ಬಂದಿದ್ದು) 503ರ ಕೆಳಗೆ. ತನಿಖೆ ಬಾಕಿ ಇದೆ, ಗುರುತು ಪತ್ತೆ ಆಗ್ಬೇಕು, ಬೇರೆಯವರೂ ಕ್ಲೈಮ್ ಮಾಡ್ಬಹುದು ಅಂತ ಎಪಿಪಿ (ಸರ್ಕಾರಿ ವಕೀಲರು) ತಕರಾರು ಹಾಕಿದ್ರು, ವಜಾ ಆಯ್ತು. ಜಪ್ತಿ ಮಾಲು ಸ್ಟೇಷನ್ನಲ್ಲಿ ಕೊಳೆಸ್ಬೇಡಿ ಅನ್ನೋ ಸುಪ್ರೀಂ ಕೋರ್ಟಿನ 2002ರ ಸುಂದರಭಾಯಿ ದೇಸಾಯಿ ತೀರ್ಪು ಓದಿ ಹೇಳ್ದೆ, ಅದು ಗಾಡಿ ಬಿಡಿಸೋಕೆ ಓಡತ್ತೆ, ಮೆಣಸಿಗೆ ಯಾರೂ ಕಿವಿ ಕೊಡ್ಲಿಲ್ಲ. ಅಷ್ಟೊತ್ತಿಗೆ ಮೇ ಅರ್ಧ, ಓಡಾಟ, ಕಾಪಿ, ಟೈಪಿಂಗ್ ಅಂತ ಕಕ್ಷಿದಾರರದ್ದು ಎಂಟು ಸಾವಿರ ಕರಗಿತ್ತು, ಫೀಸು ಕೇಳೋಕೆ ನನಗೇ ಮುಜುಗರ.

ಆಮೇಲೆ ಹೊಳೀತು. ಬಿಎನ್‌ಎಸ್‌ಎಸ್ 497ರಲ್ಲಿ ಕೋರ್ಟು 14 ದಿನದೊಳಗೆ ಮಾಲಿನ ವಿವರ ಪಟ್ಟಿ ಮಾಡ್ಬೇಕು, ಫೋಟೋ ತೆಗೆಸ್ಬೇಕು, ಬೇಕಾದ್ರೆ ವಿಡಿಯೋನೂ, ಅದಾಗಿ 30 ದಿನದೊಳಗೆ ವಿಲೇವಾರಿ ಆದೇಶ ಮಾಡ್ಬೇಕು, ತನಿಖೆ ನಡೀವಾಗ್ಲೂ. ಆದ್ರೆ ಗಡಿಯಾರ ಶುರು ಆಗೋದು ಮಾಲು ಕೋರ್ಟಿಗೆ ಹಾಜರಾದ ದಿನದಿಂದ. ನಮ್ಮದು ಪಿಎಫ್‌ನಲ್ಲಿ (ಜಪ್ತಿ ಮಾಲಿನ ವಿವರ ಕೋರ್ಟಿಗೆ ಕಳಿಸೋ ಫಾರ್ಮು) ವರದಿ ಆಗಿತ್ತು ಅಷ್ಟೇ, ಹಾಜರಾಗಿರ್ಲಿಲ್ಲ. ಹಾಗಾಗಿ ಬಿಡುಗಡೆ ಕೇಳೋದು ಬಿಟ್ಟು, ಮಾಲು ಹಾಜರುಪಡಿಸೋಕೆ ತನಿಖಾಧಿಕಾರಿಗೆ ಸೂಚನೆ ಕೊಡಿ ಅಂತ ಒಂದು ಪುಟದ ಮೆಮೊ ಹಾಕ್ದೆ. ಅದರ ಒಕ್ಕಣೆ ಮಾತ್ರ ಯಾರಿಗೂ ಕೊಡಲ್ಲ, ಬೈಕೋಬೇಡಿ.

ಜೂನ್ ಮೊದಲ ವಾರ ಜೀಪಲ್ಲಿ ಚೀಲಗಳು ಬಂದ್ವು. "ಈ ಪಟ್ಟಿಗೆ ಫಾರ್ಮ್ ಯಾವ್ದು ಸಾರ್" ಅಂದ್ರು ಕ್ಲರ್ಕು, ಬಿಳಿ ಹಾಳೇಲೇ ಬರೆದಿದ್ದಾಯ್ತು. ಗುರುತಿನ ಪ್ರಶ್ನೆ ಬಂದಾಗ ಕೈ ಹಿಡಿದಿದ್ದು ಪೊಲೀಸರದ್ದೇ ವಿಡಿಯೋ, ಈಗ ಬಿಎನ್‌ಎಸ್‌ಎಸ್ 105ರ ಪ್ರಕಾರ ಜಪ್ತಿ ಮಾಡುವಾಗ ಕಡ್ಡಾಯ ಅಲ್ವಾ. ಅದರಲ್ಲಿ ಚೀಲದ ಬಾಯಿ ಹತ್ತಿರದಿಂದ ಕಾಣ್ಸತ್ತೆ. ಕಕ್ಷಿದಾರರ ಹೆಂಡ್ತಿ ನೀಲಿ ನೈಲಾನ್ ದಾರದಲ್ಲಿ ಹೊಲಿದು ಎಡಗಡೆ ಎರಡು ಗಂಟು ಹಾಕೋದು, ಒಂಬತ್ತಕ್ಕೂ ಅದೇ ಎರಡು ಗಂಟು. ಮನೇಲಿ ಉಳಿದಿದ್ದ ಹತ್ತನೇ ಚೀಲ ತಗೊಂಡು ಹೋಗಿ ಪಕ್ಕದಲ್ಲಿಟ್ಟೆ, ಎಪಿಪಿ ಸುಮ್ಮನಾದ್ರು.

ಆದ್ರೂ ಒಂದು ತರ್ಲೆ. ಜಪ್ತಿ ಮಹಜರಲ್ಲಿ 448 ಕೆಜಿ, ಈಗ ತೂಗಿದ್ರೆ 456. ಎಂಟು ಕೆಜಿ ಜಾಸ್ತಿ ಯಾರದ್ದು ಅಂತ ಪ್ರಶ್ನೆ! ತೇವ ಸಾರ್, ಮಳೆ ಕುಡಿದಿದೆ ಅಂತ ವಿವರಿಸೋಕೆ ಮಾಯಿಶ್ಚರ್ ಮೀಟರ್ ತರಿಸ್ಬೇಕಾಯ್ತು, ತೇವ ಶೇಕಡಾ 12ರ ಒಳಗೆ ಇರ್ಬೇಕಾದ್ದು 14 ದಾಟಿತ್ತು.

ನಡುವೆ ಪಕ್ಕದ ತೋಟದ ಸಿಸಿಟಿವಿ ಜೊತೆ ಒಂದಿಷ್ಟು ಆಟ ಆಡ್ದೆ. ವಾಟ್ಸಾಪಲ್ಲಿ ಕಳಿಸಿದ ಕ್ಲಿಪ್ಪಿನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದ್ರೆ ಕ್ಯಾಮೆರಾದ ರೆಕಾರ್ಡರ್ (ಡಿವಿಆರ್) ಕಾಪಿದಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ, ಮೂರು ಸಲ ಮಾಡಿದ್ರೂ ಅಷ್ಟೇ. ನೇರ ಪೆನ್‌ಡ್ರೈವಿಗೆ ತೆಗೆದು ಎಸ್‌ಎಚ್‌ಎ 256 ಹ್ಯಾಶ್ ಬರೆದು, ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ ಹೊಸ ಸಾಕ್ಷ್ಯ ಕಾನೂನಿನ 63(4)ರ ಸರ್ಟಿಫಿಕೇಟು ಮಾಡ್ಸಿ ಟ್ರಯಲ್‌ಗೆ ಅಂತ ಇಟ್ಟಿದೀನಿ. ಪಾರ್ಟ್ ಎ ಸುಲಭ, ಪಾರ್ಟ್ ಬಿ ಎಕ್ಸ್‌ಪರ್ಟ್ ಸಹಿಗೆ ಒಬ್ರು ಐದು ಸಾವಿರ ಕೇಳಿದ್ರು, ಚೌಕಾಸಿ ಮಾಡಿ ಎರಡೂವರೆಗೆ ಇಳಿಸ್ದೆ.

ಆರ್ಡರ್ ಆಗಿದ್ದು ಜುಲೈಲಿ, ಮೂರು ಲಕ್ಷದ ಬಾಂಡು, ಒಬ್ಬ ಜಾಮೀನುದಾರ, ಚೀಲಕ್ಕೆ ಅರ್ಧ ಕೆಜಿ ಸ್ಯಾಂಪಲ್ ಸೀಲ್ ಮಾಡಿ ಕೋರ್ಟಲ್ಲಿ. ಜಾಮೀನಿಗೆ ಬಂದವರದ್ದು ಜಮ್ಮಾ ಜಾಗ (ಕೊಡಗಿನಲ್ಲಿ ಕುಟುಂಬಕ್ಕೆಲ್ಲಾ ಸೇರಿದ ಹಳೇ ಹಿಡುವಳಿ), ಆರ್‌ಟಿಸಿಲಿ ಹನ್ನೊಂದು ಹೆಸರು, ಶಿರಸ್ತೇದಾರರು ಒಪ್ಲಿಲ್ಲ, ಸೈಟಿರೋ ಇನ್ನೊಬ್ಬರನ್ನ ಹುಡುಕಿ ತರೋಕೆ ನಾಲ್ಕು ದಿನ. ಅಡಿಯಲ್ಲಿದ್ದ ಎರಡು ಚೀಲ ಬೂಷ್ಟು ಹಿಡಿದು ಅರ್ಧ ರೇಟಿಗೆ ಹೋಯ್ತು, ಉಳಿದ ಏಳು ಒಣಗಿಸಿ ಮಾರಿ ಎರಡು ಲಕ್ಷದ ಮೇಲೆ ಕೈಗೆ ಬಂತು.

ಈಗ ಕಕ್ಷಿದಾರರಿಗೆಲ್ಲಾ ಚೀಲ ಹೊಲಿಯೋ ಮೊದಲು ಒಳಗೆ ಒಂದು ವಸ್ತು ಹಾಕಿಸ್ತಿದೀನಿ. ಏನು ಅಂತ ಬರೆಯಲ್ಲ, ಕಳ್ಳರೂ ಮೊಬೈಲ್ ನೋಡ್ತಾರೆ. ಸೀನಿಯರ್‌ಗೆ ಆರ್ಡರ್ ಕಾಪಿ ಕೊಟ್ಟೆ, ಅವರದ್ದು ಕಾಫಿ ಕೇಸಂತೆ, ಇಪ್ಪತ್ತೆರಡು ಮೂಟೆ.