ಸ್ಕ್ರಬ್ಸ್ ಪ್ಯಾಂಟಿನ ಲಾಡಿ

ಆಪರೇಷನ್ ಥಿಯೇಟರಿನಲ್ಲಿ ನಾವು ಹಾಕುವ ಸಡಿಲ ಬಟ್ಟೆಗೆ ಸ್ಕ್ರಬ್ಸ್ ಅಂತಾರೆ. ಅದರ ಪ್ಯಾಂಟು ಲಾಂಡ್ರಿಯಿಂದ ಬಂದಾಗ ಲಾಡಿಯ ಒಂದು ತುದಿ ಒಳಗೆ ಸೇರಿಕೊಂಡಿರುತ್ತದೆ. ಅದು ಗೊತ್ತಾಗುವುದು ಆಪರೇಷನ್ ಶುರುವಾಗಲು ಐದು ನಿಮಿಷ ಇರುವಾಗಲೇ. ಬಟ್ಟೆ ಬದಲಿಸುವ ಕೋಣೆಯಲ್ಲಿ ನಾಲ್ಕು ಜನ ಸೊಂಟದ ಪಟ್ಟಿ ಹಿಸುಕುತ್ತಾ ತುದಿ ಹುಡುಕುವುದನ್ನು ನೋಡಿದರೆ ಎಂಥವರಿಗೂ ನಗು ಬರುತ್ತದೆ.

ನಾನು ಥಿಯೇಟರ್ ನರ್ಸ್. ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದೇನೆ. ಬಳಕೆಯಿಂದ ತೆಗೆದ ಹಳೆಯ ಆರ್ಟರಿ ಫೋರ್ಸೆಪ್ಸ್ (ರಕ್ತನಾಳ ಹಿಡಿಯುವ, ಕತ್ತರಿಯಂಥ ಹಿಡಿಕೆಯ ಚಿಮುಟ) ಒಂದನ್ನು ಕೇಳಿ ಇಟ್ಟುಕೊಂಡಿದ್ದೇನೆ. ಅದರ ಬಾಯಿ ಮುಚ್ಚಿ ಪಟ್ಟಿಯ ತೂತಿನೊಳಗೆ ತೂರಿಸುತ್ತೇನೆ. ಬಟ್ಟೆಯನ್ನು ಅದರ ಮೇಲೆ ನೆರಿಗೆ ನೆರಿಗೆಯಾಗಿ ಸರಿಸುತ್ತೇನೆ. ಲಾಡಿಯ ಗಂಟು ಬೆರಳಿಗೆ ತಾಕಿದ ಕೂಡಲೇ ಬಾಯಿ ತೆರೆದು ಕಚ್ಚಿಸಿ, ಕಟಕ್ ಅಂತ ಲಾಕ್ ಮಾಡಿ ಎಳೆದರೆ ಆಯಿತು. ಲಾಡಿ ಪೂರ್ತಿ ಕಳಚಿದ್ದರೆ ಮಾತ್ರ ಸೇಫ್ಟಿ ಪಿನ್ನೇ ಬೇಕು. ಒಗೆಯಲು ಹಾಕುವಾಗ ಎರಡೂ ತುದಿ ಸೇರಿಸಿ ಕಟ್ಟಿಬಿಡುತ್ತೇನೆ. ಮುಂದೆ ಅದು ಯಾರ ಕೈಗೆ ಸಿಗುತ್ತೋ, ಅವರಿಗೂ ಈ ಪೇಚಾಟ ಯಾಕೆ, ಅಲ್ವಾ?

ಇನ್ನು ಎದೆಯ ಜೇಬು. ಬಗ್ಗಿದರೆ ಪೆನ್ನು, ಟಾರ್ಚು ಎಲ್ಲಾ ನೆಲಕ್ಕೆ. ಒಮ್ಮೆ ಟೇಪಿನ ಸುರುಳಿ ಜಾರಿ ಸ್ಟ್ರೆಚರ್ ಕೆಳಗಿಂದ ಬಾಗಿಲವರೆಗೂ ಉರುಳಿತು. ಆಪರೇಷನ್ ಅಂತ ನಡುಗುತ್ತಾ ಮಲಗಿದ್ದ ಅಜ್ಜಿ ಜೋರಾಗಿ ನಕ್ಕುಬಿಟ್ಟರು. ನನ್ನ ಕೈ ಹಿಡಿದಿದ್ದ ಅವರ ಬೆರಳು ಆಗಲೇ ಸಡಿಲವಾಯಿತು. ಆ ದಿನ ನನಗೆ ತುಂಬಾ ಖುಷಿಯಾಯಿತು.

ಥಿಯೇಟರಿನಲ್ಲಿ ಎಲ್ಲರದೂ ಒಂದೇ ಬಟ್ಟೆ, ಹಸಿರು ಇಲ್ಲವೇ ನೀಲಿ. ರಕ್ತದ ಕೆಂಪನ್ನೇ ದಿಟ್ಟಿಸಿದ ಕಣ್ಣಿಗೆ ಬಿಳಿ ಬಟ್ಟೆಯ ಮೇಲೆ ಹಸಿರು ಮಚ್ಚೆ ತೇಲಿದ ಹಾಗೆ ಕಾಣುತ್ತದೆ. ಹಸಿರು, ನೀಲಿಯ ಮೇಲೆ ಆ ಕಾಟ ಇಲ್ಲ. ಆದರೆ ಮಾಸ್ಕ್, ಟೋಪಿ ಹಾಕಿದ ಮೇಲೆ ಯಾರು ಯಾರೋ! ಒಬ್ಬ ರೋಗಿ ಸರ್ಜನ್‌ಗೇ "ತಲೆದಿಂಬು ಸ್ವಲ್ಪ ಮೇಲೆತ್ತಪ್ಪ" ಅಂದರು. ಸರ್ಜನ್ ನಿಧಾನವಾಗಿ ಎತ್ತಿ ಸರಿ ಮಾಡಿ, ಆಮೇಲೆ "ಆಪರೇಷನ್ ಯಾವ ಮಂಡಿಗೆ?" ಅಂತ ಕೇಳಿದರು. ಇಬ್ಬರೂ ನಕ್ಕರು.

ತುರ್ತು ಹೊತ್ತಿನಲ್ಲಿ ಮಾತ್ರ ಈ ಗೊಂದಲ ಒಳ್ಳೆಯದಲ್ಲ. ಸಿಡ್ನಿಯ ಅರಿವಳಿಕೆ ವೈದ್ಯ ರಾಬ್ ಹ್ಯಾಕೆಟ್ ತಮ್ಮ ಟೋಪಿಯ ಮೇಲೆ ಹೆಸರು, ಕೆಲಸ ಬರೆದುಕೊಂಡರು. 2017ರಲ್ಲಿ ಅದು ಬೇರೆ ದೇಶಗಳಿಗೂ ಹಬ್ಬಿತು. ನಾನೂ ಟೇಪಿನ ತುಂಡಿನ ಮೇಲೆ ಮಾರ್ಕರಿನಲ್ಲಿ ದಪ್ಪಗೆ ಬರೆದು ಹಣೆಯ ನೇರಕ್ಕೆ ಅಂಟಿಸುತ್ತೇನೆ. ಮೊದಲು "ಸಿಸ್ಟರ್" ಅಂದರೆ ಮೂವರು ಒಟ್ಟಿಗೆ ತಿರುಗುತ್ತಿದ್ದೆವು. ಈಗ ಹೆಸರು ಹಿಡಿದು ಕರೆಯುತ್ತಾರೆ, ನಾನೊಬ್ಬಳೇ ತಿರುಗುತ್ತೇನೆ.